ದೊಡ್ಡಕ್ಕನ ಪಕ್ಕದ ಮನೆ

ನನ್ನ ತಮ್ಮ ಕಳ್ಳನಾಗಿದ್ದಿದ್ದರೆ, ಕದ್ದ ಮನೆಗೇ ಮಾರನೇ ದಿನ ಹೋಗಿ, "ಅಮ್ಮಾ, ನಿಮ್ಮ ಹಿತ್ತಲ ಬಾಗಿಲ ಚಿಲಕ ಸಡಿಲ ಇದೆ, ಸರಿ ಮಾಡಿಸ್ಕೊಳ್ಳಿ" ಅಂತ ಹೇಳಿ ಬರುತ್ತಿದ್ದ. ಸದ್ಯ, ಕಳ್ಳನಾಗಲಿಲ್ಲ. ಕಡೂರಿನಲ್ಲಿ ಮನೆ-ಸೈಟಿನ ಬ್ರೋಕರ್ ಆದ. ಅದರಲ್ಲೂ ಹಾಗೇ!

ಬ್ರೋಕರ್ ಅಂದರೆ ಹೇಗಿರಬೇಕು? ಯಾವ ಮನೆ ಖಾಲಿಯಿದೆ ಅನ್ನೋದನ್ನ ಕಟ್ಟಿಕೊಂಡವಳಿಗೂ ಹೇಳಬಾರದು. ಇವನು ತನಗೆ ಗೊತ್ತಿದ್ದ ಮನೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ತರೀಕೆರೆ, ಅಜ್ಜಂಪುರದ ಬ್ರೋಕರುಗಳಿಗೂ ಕಾಣೋ ಹಾಗೆ ಮಾಡಿದ. ಅವರೂ ತಮ್ಮದನ್ನ ಇವನಿಗೆ ತೋರಿಸಬೇಕು. ಅದಕ್ಕೊಂದು ಸಾಫ್ಟ್‌ವೇರ್ ಇದೆಯಂತೆ, ಓಪನ್ ಸೋರ್ಸ್ ಅಂತೆ. ಯಾರೋ ಪುಣ್ಯಾತ್ಮರು ಕೂತು ಮಾಡಿಟ್ಟಿದ್ದಾರೆ. ಒಳಗನ್ನ ಬಿಚ್ಚಿ ನೋಡಬಹುದು, ಬೇಕಾದ ಹಾಗೆ ತಿದ್ದಬಹುದು, ಕಾಸು ಕೇಳೋರಿಲ್ಲ. ಸ್ಕೂಲಿಗೆ ನಾನು ಹೋಗಿದ್ದೇ ಕಮ್ಮಿ. ಆದರೂ ಇಷ್ಟು ಅರ್ಥವಾಯಿತು: ನಮ್ಮೋನಂಥ ಹುಚ್ಚರು ಲೋಕದಲ್ಲಿ ಇನ್ನೂ ಇದ್ದಾರೆ.

ಮೊದಮೊದಲು ಬರೀ ಫಜೀತಿ. ತರೀಕೆರೆಯ ಒಂದೇ ಮನೆಯನ್ನ ಮೂವರು ಬ್ರೋಕರುಗಳು ಹಾಕಿದರು. ಒಬ್ಬ ಅಡಿಯಲ್ಲಿ ಅಳೆದ, ಒಬ್ಬ ಕಂಬದಿಂದ ಕಂಬಕ್ಕೆ ಎಣಿಸೋ ಹಳೇ ಅಂಕಣದ ಲೆಕ್ಕದಲ್ಲಿ, ಇನ್ನೊಬ್ಬ 'ಸಾಕಷ್ಟು ದೊಡ್ಡದು' ಅಂತ ಬರೆದು ಕೈ ತೊಳೆದುಕೊಂಡ. ಕಂಪ್ಯೂಟರ್ ಅದನ್ನ ಮೂರು ಮನೆ ಅಂದುಕೊಂಡಿತು. ಚೌಳಹಿರಿಯೂರಿನ ಗಂಡ ಹೆಂಡತಿಗೆ ಮೂವರೂ ಒಂದೇ ದಿನ ಅದನ್ನ ತೋರಿಸಿದರು: ಮುಂದಿನ ಬೀದಿಯಿಂದ ಒಬ್ಬ, ಹಿತ್ತಲಿಂದ ಒಬ್ಬ, ಸಂದಿಯಿಂದ ಒಬ್ಬ. ಕೊನೆಗೆ ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, "ಅಲ್ರೀ, ಮೂರು ಮನೇಲೂ ಅದೇ ಅಜ್ಜಿ ಅವರೆಕಾಯಿ ಸುಲೀತಾ ಕೂತಿದಾಳಲ್ರೀ!" ಅಂದಳಂತೆ.

ಅವತ್ತಿಂದ ಎಲ್ಲರೂ ಒಂದೇ ರೀತಿ ಬರೀಬೇಕು ಅಂತ ತಮ್ಮನ ಕಟ್ಟಪ್ಪಣೆ. ಆ ಸಾಫ್ಟ್‌ವೇರಲ್ಲಿ ಡೋರ್ ನಂಬರಿಗೆ ಜಾಗ ಇತ್ತು. ನಮ್ಮ ಕಡೆ ಡೋರ್ ನಂಬರ್ ಹಿಡಿದು ಮನೆ ಹುಡುಕಿದೋರು ಯಾರು? ಇವನು 'ಯಾರ ಮನೆ ಹತ್ತಿರ?' ಅಂತ ಒಂದು ಹೊಸ ಖಾನೆ ಸೇರಿಸಿ, ಆ ಪುಣ್ಯಾತ್ಮರಿಗೂ ಕಳಿಸಿದ. ಅವರು ಒಪ್ಪಿಕೊಂಡೇಬಿಟ್ಟರು! ಈಗ ಯಾವ ದೇಶದಲ್ಲೋ ಯಾವನೋ ಆ ಖಾನೆ ಮುಂದೆ ತಲೆ ಕೆರ್ಕೊಂಡು ಕೂತಿರ್ತಾನೆ. ಪಾಪ, ಪಕ್ಕದ ಮನೆಯವರ ಹೆಸರೇ ಗೊತ್ತಿರಲ್ಲ.

ನಗ್ತಾ ಹೇಳ್ತಿದ್ದೀನಿ, ಆದರೆ ನನಗೂ ಒಂದು ಮನೆ ಬೇಕಿತ್ತು. ಅಜ್ಜಂಪುರದಲ್ಲಿ, ನಮ್ಮ ದೊಡ್ಡಕ್ಕನ ಮನೆ ಪಕ್ಕ. ಮದುವೆಯಾದ ಮೇಲೆ ನಾವಿಬ್ಬರೂ ಸೇರಿದ್ದೆಲ್ಲ ಮದುವೆ ಮನೆಯಲ್ಲಿ, ಇಲ್ಲಾ ತಿಥಿ ಮನೆಯಲ್ಲಿ. ಎರಡು ಕಡೆಯೂ ಕೆಲಸ ಜಾಸ್ತಿ, ಮಾತು ಕಮ್ಮಿ. ಗೋಡೆಯಾಚೆ ಅವಳು ಕೆಮ್ಮಿದರೆ ಈಚೆಯಿಂದ "ಕಷಾಯ ಕುಡಿಯೇ" ಅಂತ ಬೈಯಬೇಕು. ಅಷ್ಟೇ ಆಸೆ.

ಕಡೂರಲ್ಲಿ ತಮ್ಮನದೂ ನನ್ನದೂ ಒಂದೇ ಬೀದಿ. ಅವನ ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ತಿಂಡಿ ನಮ್ಮಲ್ಲೇ. ದಿನಾ ಕೇಳುತ್ತಿದ್ದೆ.

"ಸಿಕ್ತೇನೋ?"

"ಇಲ್ಲ ಕಣಕ್ಕಾ."

"ನಿನ್ನ ಪುಣ್ಯಾತ್ಮರೇನು ನಿದ್ದೆ ಮಾಡ್ತಿದಾರಾ?"

"ಯಾರಾದ್ರೂ ಖಾಲಿ ಮಾಡಿದ್ರೆ ತಾನೇ ಅದ್ರಲ್ಲಿ ಬರೋದು? ಒದ್ದು ಓಡಿಸ್ಲಾ?"

ಒಂದು ಬೆಳಿಗ್ಗೆ ರೊಟ್ಟಿ ತಿನ್ನುವಾಗ ಅವನ ಫೋನು ಕುಯ್ ಅಂತು. ನೋಡಿದ. ಬೋರಲು ಹಾಕಿದ. ರೊಟ್ಟಿ ಮುಗಿಸಿ, ತಟ್ಟೆ ತೊಳೆದಿಟ್ಟ; ಎಂದೂ ತೊಳೆದವನಲ್ಲ! ಆಮೇಲೆ, "ಬಂತು ಕಣಕ್ಕಾ. ದೊಡ್ಡಕ್ಕನ ಪಕ್ಕದ್ದೇ," ಅಂದ. ಹೇಳದೆ ಸುಮ್ಮನಿದ್ದಿದ್ದರೆ ನನಗೆಲ್ಲಿ ಗೊತ್ತಾಗುತ್ತಿತ್ತು?

ರೈಲಲ್ಲಿ ಅಜ್ಜಂಪುರಕ್ಕೆ ಹೋದೆವು. ಮನೆ ತೋರಿಸುತ್ತಾ ಒಂದೇ ಸಮ ಶುರು ಮಾಡಿದ: "ಹೆಂಚು ಸೋರುತ್ತೆ. ನಲ್ಲಿ ನೀರು ದಿನಾ ಬರಲ್ಲ. ಬಚ್ಚಲ ಹೊಸಿಲು ಎತ್ತರ, ಎಡವ್ತೀಯ."

ಗೋಡೆಯಾಚೆಯಿಂದ ದೊಡ್ಡಕ್ಕ ಕೂಗಿದಳು, "ಬಂದ್ಯೇನೇ?"

"ಬಂದೆ ಕಣೇ!" ಅಂದು ತಮ್ಮನ ಕಡೆ ತಿರುಗಿ, "ಇನ್ನೇನಾದ್ರೂ ಐಬಿದ್ರೆ ಈಗಲೇ ಬೊಗಳು," ಅಂದೆ.

ಅವನು ಕಿಟಕಿ ಸರಳು ಅಲ್ಲಾಡಿಸಿ ನೋಡುತ್ತಾ, ನನ್ನ ಕಡೆ ತಿರುಗದೆ, "ಇನ್ನೊಂದಿದೆ ಕಣಕ್ಕಾ. ಕಡೂರಿಂದ ದೂರ," ಅಂದ.

ರೈಲು ಹತ್ತಿ ಕೂತು ಸುಧಾರಿಸಿಕೊಳ್ಳೋದರೊಳಗೆ ಇಳೀಬೇಕು, ಅಷ್ಟೇ ದಾರಿ. ಅದನ್ನೇ ಹೇಳಿ ಬೈಯೋಣ ಅಂತ ಬಾಯಿ ತೆಗೆದೆ. ಬಂದದ್ದು ಮಾತ್ರ, "ನಿನ್ನ ಬೆಳಗಿನ ತಿಂಡಿಗೇನು ಮಾಡ್ತೀಯೋ?"