ಫುಲ್ ಆಪ್ಷನ್ ಕಾರಿನ ಮೂಕ ರೇಡಿಯೋ

ಲೋಕದಲ್ಲಿ ಎಲ್ಲರಿಗೂ ಸಲೀಸಾಗಿ ಬರುವ ಒಂದು ಚಿಕ್ಕ ಮಾತು ನನ್ನ ಬಾಯಿಗೆ ಮಾತ್ರ ಬರುವುದಿಲ್ಲ. ಅದು ‘ಬೇಡ’ ಎಂಬ ಮಾತು. ಮದುವೆ ಊಟದಲ್ಲಿ ಬಡಿಸುವವನು ಪಾಯಸದ ಬಕೆಟ್ ಹಿಡಿದು ಎದುರು ನಿಂತರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ, ನಿಜ. ಆದರೆ ಬೆರಳುಗಳ ನಡುವೆ ಒಂದು ಸೌಟು ಇಳಿಯುವಷ್ಟು ಜಾಗ ಬಿಟ್ಟಿರುತ್ತೇನೆ. ದುಬೈಗೆ ಬಂದು ಮೂವತ್ತು ವರ್ಷವಾದರೂ ಈ ಗುಣ ಹೋಗಿಲ್ಲ. ಮಾಲಿನಲ್ಲಿ ಅತ್ತರು ಹಚ್ಚಲು ನಿಂತವರ ಮುಂದೆ ಹಾದುಹೋಗುವಾಗ ಒಬ್ಬೊಬ್ಬರಿಗೂ ಕೈ ಚಾಚಿ, ಕೊನೆಗೆ ಹಚ್ಚಲು ಚರ್ಮ ಉಳಿಯದೆ ಮನೆಗೆ ಬರುತ್ತೇನೆ. “ಯಾರ ಮದುವೆಗೆ ಹೋಗಿದ್ರಿ?” ಎಂದು ನನ್ನ ಹೆಂಡತಿ ವಸಂತಿ ಬಾಗಿಲಲ್ಲೇ ಕೇಳುತ್ತಾಳೆ. ನಮ್ಮ ಉಡುಪಿ ಕಡೆ ಈ ಗುಣಕ್ಕೆ ದಾಕ್ಷಿಣ್ಯ ಎಂಬ ಗೌರವದ ಹೆಸರಿದೆ. ವಸಂತಿ ಬೇರೊಂದು ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಕಳೆದ ಚಳಿಗಾಲದಲ್ಲಿ ನಾನು ಆ ಕಾರು ಕೊಂಡದ್ದೂ ದಾಕ್ಷಿಣ್ಯದಿಂದಲೇ. ಸುಮ್ಮನೆ ನೋಡಿ ಬರೋಣವೆಂದು ಹಳೆ ಕಾರುಗಳ ಅಂಗಡಿಗೆ ಹೋದವನಿಗೆ ಮಾರುವವನು ಸುಲೈಮಾನಿ ಚಹಾ ಕೊಟ್ಟ. ಚಹಾ ಕುಡಿದ ಮೇಲೆ ಹಾಗೇ ಎದ್ದು ಬರುವುದು ಹೇಗೆ? ಅಮೆರಿಕಾದಲ್ಲಿ ಓಡಿ, ಹಡಗು ಹತ್ತಿ ಬಂದ ದೊಡ್ಡ ಬಿಳಿ ಕಾರೊಂದರ ಬಾಗಿಲು ತೆರೆದು ಅವನು ಹೇಳಿದ್ದು ಎರಡೇ ಮಾತು: “ಫುಲ್ ಆಪ್ಷನ್, ಸರ್.” ಈ ಗಲ್ಫಿನಲ್ಲಿ ಕಾರು ಮಾರುವವರ ಮಂತ್ರ ಅದು. ಕಾರೊಂದರಲ್ಲಿ ಏನೇನು ಇರಬಹುದೋ ಅಷ್ಟೂ ಇದರಲ್ಲಿದೆ ಎಂದು ಅರ್ಥ. ನಾನು ಈ ದೇಶದಲ್ಲಿ ಬಾಳು ಶುರುಮಾಡಿದ್ದು ಆರು ಜನರ ಕೋಣೆಯ ಒಂದು ಬೆಡ್ ಸ್ಪೇಸಿನಲ್ಲಿ. ಅಲ್ಲಿ ನನ್ನ ಪಾಲಿಗೆ ಬಂದದ್ದು ಅರ್ಧ ಕಪಾಟು, ಫ್ರಿಜ್ಜಿನಲ್ಲಿ ಒಂದು ಮೊಟ್ಟೆಯ ಗುಳಿ, ಸ್ನಾನಕ್ಕೆ ಏಳು ನಿಮಿಷ. ಅಂಥವನ ಕಿವಿಗೆ ‘ಫುಲ್’ ಎಂಬ ಶಬ್ದ ಬಿದ್ದರೆ ಏನಾಗಬೇಡ! “ಸ್ಯಾಟಲೈಟ್ ರೇಡಿಯೋ ಕೂಡ ಇದೆ ಸರ್, ಫ್ಯಾಕ್ಟರಿಯಲ್ಲೇ ಕೂರಿಸಿದ್ದು” ಎಂದು ಅವನು ಪರದೆಯನ್ನು ಮುಟ್ಟಿದ. ಪರದೆಯ ಮೇಲೆ ‘ಸಿಗ್ನಲ್ ಹುಡುಕಲಾಗುತ್ತಿದೆ’ ಎಂದು ಇಂಗ್ಲಿಷಿನಲ್ಲಿ ಮೂಡಿತು. ಹುಡುಕುತ್ತಿದೆ ಎಂದ ಮೇಲೆ ಸಿಕ್ಕೇ ಸಿಗುತ್ತದೆ ಎಂದು ನಂಬಿ ಸಹಿ ಹಾಕಿದೆ.

ಇಲ್ಲಿ ಲಾರೆನ್ಸ್ ಪೊರ್ಬುಗಳ ವಿಷಯ ಹೇಳಬೇಕು. ನಮ್ಮಲ್ಲಿ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುವುದು ರೂಢಿ. ಶಿರ್ವದವರು, ನನಗಿಂತ ಐದಾರು ವರ್ಷ ದೊಡ್ಡವರು, ನಮ್ಮ ಕಂಪನಿಯಲ್ಲಿ ಟೈಂಕೀಪರ್. ನಾನು ಸ್ಟೋರ್ ನೋಡಿಕೊಳ್ಳುವವನು. ಕಂಪನಿ ಅಬುಧಾಬಿಯ ಮುಸಾಫಾಕ್ಕೆ ಹೋದರೂ ನಾವಿಬ್ಬರು ದುಬೈ ಬಿಡಲಿಲ್ಲ. ಹಾಗಾಗಿ ಹನ್ನೆರಡು ವರ್ಷದಿಂದ ಬೆಳಿಗ್ಗೆ ಐದೂಮುಕ್ಕಾಲಿಗೆ ಅವರು ಮುಹೈಸ್ನಾದ ಒಂದು ಬಸ್‌ಸ್ಟಾಪಿನಲ್ಲಿ ಊಟದ ಡಬ್ಬಿ ಹಿಡಿದು ನಿಂತಿರುತ್ತಾರೆ, ನಾನು ಹತ್ತಿಸಿಕೊಳ್ಳುತ್ತೇನೆ. ಒಂದೂವರೆ ಗಂಟೆಯ ದಾರಿ. ನನ್ನ ಹಳೆಯ ಕಾರಿನಲ್ಲಿ ಅವರು ಕೂತ ತಕ್ಷಣ ನಾನು ಒಂದು ಹಿಂದಿ ಸ್ಟೇಷನ್ ಹಾಕುತ್ತಿದ್ದೆ. ಬೆಳಗಿನ ಆ ಕಾರ್ಯಕ್ರಮದಲ್ಲಿ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಪರಸ್ಪರ ಮಾತಿಗೆ ತಾವೇ ನಗುತ್ತ, ಯಾರಿಗೋ ಫೋನ್ ಮಾಡಿ ಮಂಗ ಮಾಡುತ್ತ, ನಡುವೆ ಪುರಸೊತ್ತಾದರೆ ಹಾಡು ಹಾಕುತ್ತಿದ್ದರು. ಪೊರ್ಬುಗಳು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದರು. ಅವರ ಮುಖದ ಮೇಲೆ ಆಗ ಒಂದು ಭಕ್ತಿ ಇರುತ್ತಿತ್ತು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಒಂಟಿಯಾಗಿ ದುಡಿಯುವ ಜೀವಕ್ಕೆ ಇದೊಂದೇ ಸುಖವೆಂದು ನಾನು ಆ ನಗುವನ್ನು ಸಹಿಸುತ್ತಿದ್ದೆ.

ಹೊಸ ಕಾರಿನಲ್ಲಿ ಮೊದಲ ದಿನವೇ ಎಡವಟ್ಟು ಶುರುವಾಯಿತು. ಕಾರು ಶುರುಮಾಡಿದರೆ ರೇಡಿಯೋ ತಾನಾಗಿ ಸ್ಯಾಟಲೈಟಿಗೆ ಹೋಗಿ ಹುಡುಕಲು ಕೂರುತ್ತದೆ. ಅದನ್ನು ಬಿಡಿಸಿ ಎಫ್‌ಎಮ್ಮಿಗೆ ತಂದರೆ ಇನ್ನೊಂದು ತಕರಾರು. ಅಮೆರಿಕಾದ ರೇಡಿಯೋಗಳು ಪಾಯಿಂಟಿನ ಆಚೆಗೆ ಬೆಸಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತವಂತೆ. ಒಂದು, ಮೂರು, ಐದು ಎಂದು ಹಾರುತ್ತ ಹೋಗುತ್ತವೆ. ನಮ್ಮ ಹಿಂದಿ ಸ್ಟೇಷನ್ ಇರುವುದು ಸಮಸಂಖ್ಯೆಯಲ್ಲಿ! ಬೆಸಸಂಖ್ಯೆಯಲ್ಲಿ ಸಿಕ್ಕಿದ್ದು ಮಲಯಾಳಂ ಒಂದೇ. ಅರ್ಧ ದಾರಿಯ ಘಂತೂತ್ ದಾಟುವವರೆಗೆ ತಡೆದುಕೊಂಡ ಪೊರ್ಬುಗಳು ಕೊನೆಗೆ, “ಎಂತದು ಶೆಟ್ರೆ ಇದು, ನಿಮ್ಮ ಕಾರು ಕೊಚ್ಚಿಗೆ ಹೋಗ್ತಾ ಉಂಟಾ?” ಎಂದರು.

ಅದೇ ದಿನ ಅವರು ಇನ್ನೊಂದು ಮಾತು ಹೇಳಿದರು. ಕಂಪನಿಯ ಕಾಗದ ಬಂದಿದೆ, ಐದು ವಾರಕ್ಕೆ ವೀಸಾ ಕ್ಯಾನ್ಸಲ್, ಆಮೇಲೆ ಊರಿಗೆ. ಹನ್ನೆರಡು ವರ್ಷ ಹಾಡು ಕೇಳಿಕೊಂಡು ಬಂದ ಮನುಷ್ಯನ ಕೊನೆಯ ಐದು ವಾರವನ್ನು ನನ್ನ ಫುಲ್ ಆಪ್ಷನ್ ಹುಚ್ಚು ಹಾಳುಮಾಡಿತಲ್ಲ! ಅವರು ಹೋಗುವುದರೊಳಗೆ ಈ ರೇಡಿಯೋ ಸರಿಮಾಡಿಸದಿದ್ದರೆ ನಾನು ಶೆಟ್ಟಿಯೇ ಅಲ್ಲ ಎಂದು ಪಣ ತೊಟ್ಟು, ಮಧ್ಯಾಹ್ನವೇ ಮುಸಾಫಾದ ಒಂದು ಗ್ಯಾರೇಜಿಗೆ ಹೋದೆ.

ಗ್ಯಾರೇಜಿನ ಖಾನ್‌ಸಾಹೇಬರು ಪರದೆಯನ್ನು ನೋಡಿ, ನನ್ನನ್ನು ನೋಡಿ, ಆಕಾಶವನ್ನು ನೋಡಿದರು. “ಸೇಠ್, ಇಸ್‌ಕಾ ಸ್ಯಾಟಲೈಟ್ ಅಮೆರಿಕಾ ಕೆ ಊಪರ್ ಹೈ. ಇಧರ್ ಮಾಫಿ.” ಇದರ ಸ್ಯಾಟಲೈಟ್ ಇರುವುದು ಅಮೆರಿಕಾದ ಮೇಲೆ, ಇಲ್ಲಿ ಇಲ್ಲವೇ ಇಲ್ಲ ಎಂದರ್ಥ. ಆಕಾಶ ಎಲ್ಲರಿಗೂ ಒಂದೇ ಎಂದು ತಿಳಿದಿದ್ದ ನನಗೆ ನಿಜವಾಗಿಯೂ ಬೇಸರವಾಯಿತು. ಎಫ್‌ಎಮ್ಮಿನ ಬೆಸಸಂಖ್ಯೆಯ ರೋಗವನ್ನಾದರೂ ವಾಸಿಮಾಡುವೆನೆಂದು ಅವರು ಲ್ಯಾಪ್‌ಟಾಪ್ ಚುಚ್ಚಿ ಒಂದು ಗಂಟೆ ಗುದ್ದಾಡಿದರು. ಆಮೇಲೆ ಕೈ ಒರೆಸಿಕೊಂಡು “ಖಲಾಸ್” ಎಂದರು. ಈ ದೇಶದಲ್ಲಿ ಕೆಲಸ ಮುಗಿದರೂ ಖಲಾಸ್, ವಸ್ತು ಮುಗಿದರೂ ಖಲಾಸ್. ನಾನು ಮೊದಲನೆಯ ಅರ್ಥ ಹಿಡಿದು ಶುಕ್ರಿಯಾ ಹೇಳಿ ಬಂದೆ. ಅವರು ಹೇಳಿದ್ದು ಎರಡನೆಯ ಅರ್ಥದಲ್ಲಿ ಎಂದು ಸಂಜೆ ಪೊರ್ಬುಗಳು ಹತ್ತಿದ ಮೇಲೆ ತಿಳಿಯಿತು. ಎಫ್‌ಎಂ ಹೋಗಿತ್ತು, ಮಲಯಾಳಂ ಹೋಗಿತ್ತು, ಫೋನ್ ಜೋಡಿಸುವ ದಾರಿಯೂ ಮುಚ್ಚಿತ್ತು. ಪರದೆಯ ಮೇಲೆ ಉಳಿದದ್ದು ಒಂದೇ ಸಾಲು: ಸಿಗ್ನಲ್ ಹುಡುಕಲಾಗುತ್ತಿದೆ. “ಡ್ಯಾಡ್, ಜಸ್ಟ್ ಯೂಸ್ ಯುವರ್ ಫೋನ್” ಎಂದಳು ರಾತ್ರಿ ಮನೆಯಲ್ಲಿ ಮಗಳು ಅನ್ವಿತಾ. ಮರುದಿನ ಬೆಳಿಗ್ಗೆ ಕಾರಿನಲ್ಲಿ ಫೋನನ್ನು ಲೋಟ ಇಡುವ ಗುಳಿಯಲ್ಲಿ ನಿಲ್ಲಿಸಿ ಹಾಡು ಹಾಕಿದೆ. ಅದು ಡಬ್ಬಿಯೊಳಗೆ ಸಿಕ್ಕಿಬಿದ್ದ ಜೀರುಂಡೆಯಂತೆ ಕೇಳಿಸಿತು. “ಪಾಪ, ಬಿಟ್ಟುಬಿಡಿ ಅದನ್ನು” ಎಂದರು ಪೊರ್ಬುಗಳು.

ಹೀಗೆ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಕಾರಿನಲ್ಲಿ ಮೌನ ಬಂದು ಕೂತಿತು. ಎರಡು ದಿನ ಇಬ್ಬರೂ ಕೆಮ್ಮಿದೆವು. ಮೂರನೆಯ ದಿನ ದಟ್ಟ ಮಂಜು. ವೇಗ ಇಳಿಸಿ ಎಂದು ಹೆದ್ದಾರಿಯ ಫಲಕಗಳು ಮಿನುಗುತ್ತಿದ್ದವು, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಗ ಪೊರ್ಬುಗಳು ತಾವಾಗಿ ಬಾಯಿ ಬಿಟ್ಟರು.

“ಶೆಟ್ರೆ, ನನ್ನ ಲಿಲ್ಲಿ ಕಳಿಸಿದ ಮೊದಲ ಕ್ಯಾಸೆಟ್ ವಿಷಯ ನಿಮಗೆ ಹೇಳಿದ್ದೇನಾ?”

ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿದ್ದರಲ್ಲವೇ! ಆ ಕಾಲದಲ್ಲಿ ಫೋನ್ ದುಬಾರಿ, ಕಾಗದ ನಿಧಾನ. ಊರಿಗೆ ಹೋಗಿಬರುವವರ ಕೈಯಲ್ಲಿ ಮನೆಯವರು ಮಾತನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿ ಕಳಿಸುತ್ತಿದ್ದರು. ಪೊರ್ಬುಗಳು ಮದುವೆಯಾಗಿ ಇಪ್ಪತ್ತೇ ದಿನಕ್ಕೆ ಇಲ್ಲಿಗೆ ಬಂದವರು. ದುಬೈಯ ಕರಾಮಾದಲ್ಲಿ ಆರು ಜನ ಇದ್ದ ಕೋಣೆಗೆ ಲಿಲ್ಲಿಬಾಯಿಯ ಕ್ಯಾಸೆಟ್ ಬಂದಾಗ ಉಳಿದ ಐವರು ಟೇಪ್‌ರೆಕಾರ್ಡರ್ ಸುತ್ತ ಕೂತೇಬಿಟ್ಟರಂತೆ. ಏಳಿ ಎನ್ನಲು ಇವರಿಗೂ ಬಾಯಿ ಬರಲಿಲ್ಲ. ಗುಂಡಿ ಒತ್ತಿದರು. “ಟೇಪ್ ತಿರುಗ್ತಾ ಉಂಟಾ?” ಎಂದು ಲಿಲ್ಲಿಬಾಯಿಯ ದನಿ. ಅಷ್ಟೇ. ಆಮೇಲೆ ನಾಚಿಕೆಯಿಂದ ಅವರಿಗೆ ಮಾತೇ ಹೊರಟಿಲ್ಲ. ನಿಲ್ಲಿಸುವ ಗುಂಡಿ ಯಾವುದೆಂದು ಗೊತ್ತಿಲ್ಲದ್ದರಿಂದ ಟೇಪು ತಿರುಗುತ್ತಲೇ ಇತ್ತು. ಕೋಳಿ ಕೊಕ್ಕೊಕ್ಕೋ ಎಂದಿತು. ಯಾರೋ ಬಾವಿಗೆ ಕೊಡಪಾನ ಇಳಿಸಿದರು. ದೂರದಲ್ಲಿ ಮೀನು ಮಾರುವವನ ಸೈಕಲ್ ಹಾರ್ನ್ ಪೋಂ ಪೋಂ ಎನ್ನುತ್ತ ಹತ್ತಿರ ಬಂತು, ಗೇಟಿನ ಬಳಿ ನಿಂತಿತು, “ಬಂಗುಡೆ ಉಂಟು ಬಾಯಮ್ಮಾ” ಎಂಬ ಕೂಗು ಕೇಳಿಸಿತು, ಹಾರ್ನ್ ಮತ್ತೆ ದೂರ ಹೋಯಿತು.

“ಆ ಹಾರ್ನ್ ಕೇಳಿ ಮೂಲ್ಕಿಯವನೊಬ್ಬ ಅಳಲಿಕ್ಕೆ ಶುರುಮಾಡಿದ ಮಾರಾಯ್ರೆ. ರಿವೈಂಡ್ ಮಾಡಿ ಅಂದ. ಮತ್ತೆ ಪ್ರತಿ ಶುಕ್ರವಾರ ಬೆಳಿಗ್ಗೆ ಅದೇ ಕ್ಯಾಸೆಟ್. ನನ್ನ ಹೆಂಡತಿ ಒಂದು ಮಾತು ಆಡಲಿಲ್ಲ, ಆದ್ರೆ ಇಡೀ ರೂಮಿಗೆ ಅವಳದ್ದೇ ಕ್ಯಾಸೆಟ್ ಬೇಕು!”

ನನಗೆ ನಗು ಬಂತು, ಕಣ್ಣೂ ಮಂಜಾಯಿತು. ಹೊರಗೂ ಮಂಜು, ಒಳಗೂ ಮಂಜು, ಕಾರು ಓಡಿಸುವುದು ಕಷ್ಟವಾಯಿತು. ಅಂದಿನಿಂದ ನಾವು ಮಾತಾಡಿದ್ದೇ ಮಾತಾಡಿದ್ದು. ಆರು ಜನಕ್ಕೆ ಒಂದೇ ಇಸ್ತ್ರಿಪೆಟ್ಟಿಗೆ, ಊರಿಗೆ ಹೋಗುವವನ ಪೆಟ್ಟಿಗೆಗೆ ಹಗ್ಗ ಬಿಗಿಯುವಾಗ ಅದರ ಮೇಲೆ ಕೂರಲು ಇಡೀ ಕೋಣೆ ಬರುತ್ತಿದ್ದದ್ದು, ಎಲ್ಲರೂ ತಪ್ಪದೆ ಊರಿಗೆ ಒಯ್ಯುತ್ತಿದ್ದ ಹಾಲಿನ ಪುಡಿಯ ಡಬ್ಬಿ. ಹನ್ನೆರಡು ವರ್ಷ ಪಕ್ಕದಲ್ಲೇ ಕೂತ ಮನುಷ್ಯನನ್ನು ನಾನು ಆ ಐದು ವಾರದಲ್ಲಿ ಕಂಡೆ. ಆದರೂ ಪಣ ಮರೆಯಲಿಲ್ಲ. ಇನ್ನೂ ಎರಡು ಗ್ಯಾರೇಜಿಗೆ ಅಲೆದೆ. ಎರಡರಲ್ಲೂ ಖಲಾಸ್.

ಕೊನೆಯ ದಿನ ಸಂಜೆ ಮುಹೈಸ್ನಾದ ಅದೇ ಬಸ್‌ಸ್ಟಾಪಿನಲ್ಲಿ ಕಾರು ನಿಲ್ಲಿಸಿದೆ. ಪೊರ್ಬುಗಳು ಇಳಿಯಲಿಲ್ಲ. ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟು ಅದರ ಮುಚ್ಚಳ ತಿರುಗಿಸುತ್ತ ಕೂತರು.

“ಹೆದರಿಕೆ ಆಗ್ತದೆ ಶೆಟ್ರೆ. ವರ್ಷಕ್ಕೊಂದು ತಿಂಗಳು ನೋಡಿದ ಹೆಂಡತಿ. ಇನ್ನು ದಿನಾ ಎದುರಾ ಎದುರು ಕೂತು ಎಂತ ಮಾತಾಡುವುದು?”

ಸಮಾಧಾನ ಹೇಳುವ ಬದಲು ನನ್ನ ತಪ್ಪನ್ನೇ ಹೇಳಿಕೊಂಡೆ. “ನನ್ನನ್ನು ಕ್ಷಮಿಸಿ ಪೊರ್ಬುಗಳೇ. ಕೊನೆಯ ಐದು ವಾರ ನಿಮಗೆ ಆ ಬೆಳಗಿನ ಪ್ರೋಗ್ರಾಂ ತಪ್ಪಿಸಿಬಿಟ್ಟೆ.”

ಅವರು ನನ್ನ ಮುಖ ನೋಡಿದರು. “ಯಾವುದು, ಆ ನಗುವವರದ್ದಾ? ಅದು ನಿಮಗೆ ಇಷ್ಟ ಅಲ್ಲವಾ?”

“ನನಗಾ? ನಿಮಗೆ ಇಷ್ಟ ಅಂತಲ್ಲವಾ ನಾನು ಹಾಕ್ತಾ ಇದ್ದದ್ದು!”

“ಅಯ್ಯೋ ದೇವಾ!” ಎಂದರು ಪೊರ್ಬುಗಳು. “ಕಾರು ನಿಮ್ಮದು, ನಿಲ್ಲಿಸಿ ಅಂತ ಹೇಗೆ ಹೇಳುವುದು? ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಜಪಸರ ಎಣಿಸ್ತಾ ಇದ್ದೆ.”

ತೊಡೆಯ ಮೇಲೆ ಆಡುತ್ತಿದ್ದ ಬೆರಳುಗಳ ಗುಟ್ಟು ಆಗ ತಿಳಿಯಿತು. ಅವರ ಮುಖದ ಭಕ್ತಿ ನಿಜವಾದ ಭಕ್ತಿಯೇ ಆಗಿತ್ತು! ಇಬ್ಬರೂ ನಕ್ಕೆವು. ದಾರಿಯವರು ತಿರುಗಿ ನೋಡುವಷ್ಟು ನಕ್ಕೆವು. ನಗು ನಿಂತ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತೆಂದು ಕಾಣುತ್ತದೆ, ಹನ್ನೆರಡು ವರ್ಷ ಅಂದರೆ ಎಷ್ಟು ಮಾತು ಎಂದು. ಅವರು ಇಳಿದು, ಬಾಗಿಲು ಮೆಲ್ಲಗೆ ಹಾಕಿ ಹೋದರು.

ಮುಂದಿನ ವಾರ ಅನ್ವಿತಾ ಕಾರಿನ ಕೈಪಿಡಿ ಓದಿ, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ರೇಡಿಯೋವನ್ನು ಐದೇ ನಿಮಿಷದಲ್ಲಿ ಸರಿಮಾಡಿದಳು. ಸಮಸಂಖ್ಯೆಯೂ ಬಂತು. ನಾನು ಒಬ್ಬನೇ ಹೋಗುವಾಗ ಅದನ್ನು ಮತ್ತೆ ಸ್ಯಾಟಲೈಟಿಗೇ ಹಾಕಿಡುತ್ತೇನೆ. ಪಕ್ಕದ ಸೀಟು ಖಾಲಿ, ಎದುರಿಗೆ ಆ ಒಂದು ಸಾಲು. ನಡುವೆ ಒಮ್ಮೆ ಪೊರ್ಬುಗಳಿಂದ ಒಂದು ವಾಯ್ಸ್ ಮೆಸೇಜ್ ಬಂತು. ಅದರಲ್ಲಿ ಅವರ ಮಾತಿರಲಿಲ್ಲ. ಮೀನಿನ ಗಾಡಿಯ ಹಾರ್ನ್, ಪಾತ್ರೆಯ ಸದ್ದು, ಕೊನೆಗೆ ಲಿಲ್ಲಿಬಾಯಿಯ ದನಿ: “ಅದನ್ನು ಕೆಳಗಿಡಿ, ನಿಮ್ಮ ಹತ್ತಿರ ಒಂದು ವಿಷಯ ಹೇಳ್ಲಿಕ್ಕುಂಟು.” ಅಲ್ಲಿಗೆ ಕಡಿಯಿತು. ಅಲ್ಲಿ ಸಿಗ್ನಲ್ ಸಿಕ್ಕಿದೆ ಎಂದು ನೆಮ್ಮದಿಯಾಯಿತು.

ಆ ನೆಮ್ಮದಿಯ ಹುಮ್ಮಸ್ಸಿನಲ್ಲೇ ನಾನು ಒಂದು ತಪ್ಪು ಮಾಡಿದೆ. ಮೊನ್ನೆ ಭಾನುವಾರ ವಸಂತಿಯ ತಂಗಿಯ ಮನೆಗೆಂದು ಅಲ್ ಐನ್‌ಗೆ ಹೊರಟಿದ್ದೆವು. “ರೇಡಿಯೋ ಸರಿಯಾಗಿದೆಯಲ್ಲ, ಹಾಕಬಾರದಾ?” ಎಂದಳು ವಸಂತಿ.

“ಬೇಡ” ಎಂದೆ. ಜನ್ಮದಲ್ಲಿ ಮೊದಲ ಸಲ ಆ ಮಾತು ಸಲೀಸಾಗಿ ಬಂತು. “ಮಾತಾಡು.”

“ಎಂತ ಮಾತಾಡುವುದು?”

“ನನ್ನ ದಾಕ್ಷಿಣ್ಯಕ್ಕೆ ಇಷ್ಟು ವರ್ಷ ಹೇಳದೆ ಬಿಟ್ಟದ್ದು ಎಂತಾದರೂ ಇದ್ದರೆ ಹೇಳು.”

ವಸಂತಿ ಸೀಟಿನಲ್ಲಿ ನನ್ನ ಕಡೆ ತಿರುಗಿ ಸರಿಯಾಗಿ ಕೂತಳು. ಅಲ್ಲಿಂದ ಅಲ್ ಐನ್ ಮುಟ್ಟುವವರೆಗೆ ಒಂದೂವರೆ ಗಂಟೆ ಸಿಗ್ನಲ್ ಒಮ್ಮೆಯೂ ಕಡಿಯಲಿಲ್ಲ.

ವಾಪಸು ಬರುವಾಗ ನಾನೇ ಆ ಹಿಂದಿ ಸ್ಟೇಷನ್ ಹಾಕಿದೆ. ರೇಡಿಯೋದಲ್ಲಿ ಯಾರೋ ಇಬ್ಬರು ಕಿಸಕ್ಕನೆ ನಕ್ಕರು.

“ಇದು ನಿಮಗೆ ಇಷ್ಟವಾ?” ಎಂದಳು ವಸಂತಿ.

“ತುಂಬಾ” ಎಂದೆ. ನನ್ನ ಬೆರಳುಗಳು ಸ್ಟಿಯರಿಂಗಿನ ಮೇಲೆ ತಾವಾಗಿ ಏನನ್ನೋ ಎಣಿಸತೊಡಗಿದ್ದವು.