ಅವ್ವನಿಗಾಗಿ ಎತ್ತರಿಸಿದ ಜೀಪು

ಮನುಷ್ಯನಿಗೆ ಹುಚ್ಚು ಒಮ್ಮೆಲೇ ಹಿಡಿಯುವುದಿಲ್ಲ, ಕಂತಿನಲ್ಲಿ ಹಿಡಿಯುತ್ತದೆ ಎಂಬುದು ನನ್ನ ಅನುಭವ. ಪ್ರತಿಯೊಂದು ಕಂತೂ ಆ ಹೊತ್ತಿಗೆ ಭಾರೀ ಬುದ್ಧಿವಂತಿಕೆಯದೆಂದೇ ಕಾಣುತ್ತದೆ. ಬೆಳಿಗ್ಗೆ ಎದ್ದು ಚಹಾ ಕುಡಿದು, "ಇವತ್ತು ಜೀಪಿನ ಟಾಯರು, ಆಕ್ಸಲ್ಲು, ಸ್ಟೇರಿಂಗು ಎಲ್ಲಾ ಕಿತ್ತೊಗೆದು ಬೇರೆ ಹಾಕಿಸಿಬಿಡೋಣ" ಎಂದು ಯಾರೂ ಹೊರಡುವುದಿಲ್ಲ. ನಾನೂ ಹೊರಟಿರಲಿಲ್ಲ. ನಾನು ಹೊರಟದ್ದು ನಮ್ಮ ಅವ್ವನನ್ನು ಹೊಲಕ್ಕೆ ಕರೆದುಕೊಂಡು ಹೋಗಲಿಕ್ಕೆ, ಅಷ್ಟೇ.

ಮೊದಲು ನನ್ನ ಬಗ್ಗೆ ಎರಡು ಮಾತು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದು ಕಾಲೇಜಿನ ಬಾಗಿಲು ದಾಟಿದವನು ನಾನೊಬ್ಬನೇ. ಬಿ.ಎಸ್ಸಿ., ಅದೂ ಭೌತಶಾಸ್ತ್ರ. ಇದನ್ನು ನಾನಾಗಿ ಹೇಳಿಕೊಳ್ಳುವ ಪ್ರಸಂಗ ಬರುವುದಿಲ್ಲ, ಯಾಕೆಂದರೆ ಹೊಂಬಳದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಕರಿ ಗೌನು ತೊಟ್ಟ ಫೋಟೋ ದೇವರ ಫೋಟೋಗಳ ಸಾಲಿನಲ್ಲೇ ತೂಗಾಡುತ್ತಿದೆ. ಅವ್ವ ಶುಕ್ರವಾರ ದೇವರಿಗೆ ಹೂ ಏರಿಸುವಾಗ ನನ್ನ ಫೋಟೋಕ್ಕೂ ಒಂದು ಏರಿಸುತ್ತಾಳೆ. ಹೂವೇರಿದ ಫೋಟೋದಲ್ಲಿರುವವನು ಇನ್ನೂ ಬದುಕಿದ್ದಾನೆ, ಗದಗಿನ ಆಫೀಸಿಗೆ ಹೋಗಿದ್ದಾನೆ, ಸಂಜೆ ಬರುತ್ತಾನೆ ಎಂದು ಬಂದ ಬೀಗರಿಗೆ ನನ್ನ ಹೆಂಡತಿ ಶೋಭಾ ತಿಳಿಸಿ ಹೇಳಬೇಕಾಗುತ್ತದೆ.

ಸೀಗಿ ಹುಣ್ಣಿಮೆಯ ಹೊತ್ತಿಗೆ ಭೂಮಿತಾಯಿ ಬಸುರಿ ಎಂಬುದು ನಮ್ಮ ಕಡೆಯ ನಂಬಿಕೆ. ಆಕೆಯ ಬಯಕೆ ತೀರಿಸಲು ಮನೆಮಂದಿಯೆಲ್ಲ ಅಡಿಗೆ ಹೊತ್ತು ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಕಡಬು, ಹೋಳಿಗೆ, ಪಲ್ಯ, ಅನ್ನ ಎಲ್ಲ ಕಲಸಿ ಹೊಲದ ತುಂಬ ಎರಚುತ್ತೇವೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಬೇರೆ ಮನೆಗಳಲ್ಲಿ ಇದು ಗಂಡಸರ ಕೆಲಸ. ನಮ್ಮಲ್ಲಿ ಯಾರು ಚೆಲ್ಲಿದರೂ ಅವ್ವನ ಮನಸ್ಸಿಗೆ ಬರುವುದಿಲ್ಲ, ಆದ್ದರಿಂದ ಅವ್ವನೇ ಚೆಲ್ಲುತ್ತಾಳೆ. ಆದರೆ ಈಚೆಗೆ ಆಕೆಯ ಮೊಣಕಾಲು ಆಕೆಯ ಮಾತು ಕೇಳುವುದನ್ನು ಬಿಟ್ಟಿದೆ. ಅಷ್ಟು ದೂರ ನಡೆಯಲು ಆಗುವುದಿಲ್ಲ, ಟ್ರ್ಯಾಕ್ಟರಿನ ಟ್ರೇಲರು ಹತ್ತಲು ಆಗುವುದಿಲ್ಲ. ಹೋದ ವರ್ಷ ನಾನು ಚೆಲ್ಲಿ ಬಂದೆ. "ಹೆಂಗ ಚೆಲ್ಲಿದಿ?" ಎಂದು ಕೇಳಿದಳು. ತೋರಿಸಿದೆ. "ಕೋಳಿಗೆ ಕಾಳು ಹಾಕಿದಂಗ ಹಾಕಿ ಬಂದೀಯಲ್ಲೋ ಈರ್ಯಾ" ಎಂದು ಹಣೆ ಬಡಿದುಕೊಂಡಳು. ಆ ವರ್ಷ ಬೆಳೆ ಚೆನ್ನಾಗಿ ಬಂದಿತ್ತು. ಆದರೂ ಅವ್ವ ನಂಬಲಿಲ್ಲ.

ಹೀಗಾಗಿ ಶಿರಹಟ್ಟಿಯ ಗುತ್ತಿಗೆದಾರರೊಬ್ಬರು ಮಾರಲಿಟ್ಟಿದ್ದ ಹಳೇ ಜೀಪನ್ನು ತಂದೆ. ಅವ್ವ ಓಣಿಯ ತುಂಬ ಡಂಗುರ ಹೊಡೆದಳು: "ನನ್ನ ಮಗ ಗಾಡಿ ತಂದಾನ. ಈ ಸಲ ಚರಗ ನಾನಾ ಚೆಲ್ಲಾಕಿ." ಮರುದಿನವೇ ಪರೀಕ್ಷೆಗೆಂದು ಹೊಲದ ದಾರಿಗೆ ಹೊರಟೆ. ನಮ್ಮದು ಎರಿ ಮಣ್ಣು, ಕಪ್ಪಗೆ ಜಿಗುಟು. ಮಳೆ ಬಿದ್ದರೆ ಟ್ರ್ಯಾಕ್ಟರುಗಳು ಅದರಲ್ಲಿ ಮೊಣಕಾಲುದ್ದದ ಎರಡು ಕೊರಕಲು ಮಾಡಿ ನಡುವೆ ಒಂದು ದಿಬ್ಬ ಬಿಟ್ಟು ಹೋಗುತ್ತವೆ. ಜೀಪಿನ ಗಾಲಿಗಳು ಕೊರಕಲಿಗಿಳಿದವು, ಹೊಟ್ಟೆ ದಿಬ್ಬದ ಮೇಲೆ ಕುಳಿತಿತು. ಅಂಗಾತ ಬಿದ್ದ ಕೂಸು ಕೈಕಾಲು ಬಡಿಯುವಂತೆ ನಾಲ್ಕೂ ಗಾಲಿ ಗರಗರ ತಿರುಗುತ್ತಿದ್ದವೇ ಹೊರತು ಗಾಡಿ ಒಂದಿಂಚೂ ಸರಿಯಲಿಲ್ಲ.

ಇಲ್ಲಿ ಬೆಟಗೇರಿಯ ಮಾಬುಸಾಬನ ಪ್ರವೇಶ. ಗ್ಯಾರೇಜು ನಡೆಸುತ್ತಾನೆ. ಆತನಿಗೂ ನನಗೂ ಒಂದೇ ರೋಗ, ಆತನಿಗೆ ಸ್ವಲ್ಪ ಮೊದಲು ಹತ್ತಿತ್ತು. "ಸರ, ಟಾಯರು ದೊಡ್ಡವು ಹಾಕಿಬಿಡ್ರಿ. ಗಾಡಿ ಎದ್ದು ನಿಂದರತೈತಿ" ಎಂದ. ಹಾಕಿಸಿದೆವು. ಗಾಡಿ ಎದ್ದೇನೋ ನಿಂತಿತು, ಆದರೆ ತಿರುವಿದಾಗಲೆಲ್ಲ ಟಾಯರು ಮಡ್‌ಗಾರ್ಡಿಗೆ ತಿಕ್ಕಿ, ಬಾಗಿಲ ಸಂದಿಯಲ್ಲಿ ಬಾಲ ಸಿಕ್ಕ ಬೆಕ್ಕಿನಂತೆ ಕಿರುಚುತ್ತಿತ್ತು. ಅದಕ್ಕೆ ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಪಾಟಾ ಎತ್ತರಿಸಿದೆವು. ಆಮೇಲೆ ಒಂದು ದಿನ ಲಕ್ಷ್ಮೇಶ್ವರ ದಾಟಿ ಹೋಗುವಾಗ ಶಿಗ್ಲಿಯ ಹತ್ತಿರ ಹಿಂದಿನಿಂದ ಟಣ್ ಎಂದು ಸಪ್ಪಳ ಬಂತು, ಆಕ್ಸಲ್ಲು ತುಂಡು. ರಸ್ತೆಯ ಬದಿಗೆ ನಿಂತು ನಾನು ಶೋಭಾಗೆ ವಿವರಿಸಿದೆ: ಗಾಲಿ ದೊಡ್ಡದಾದಷ್ಟೂ ನೆಲ ಅದನ್ನು ಹೆಚ್ಚು ಜೋರಿನಿಂದ ತಿರುಚುತ್ತದೆ, ಆ ಭಾರವೆಲ್ಲ ಬೀಳುವುದು ನಡುವಿನ ಬಡಪಾಯಿ ಸಲಾಕೆಯ ಮೇಲೆ. ಆಕೆ ಪೂರ್ತಿ ಕೇಳಿ, "ಇದು ಟಾಯರು ಹಾಕಸೂಕಿಂತ ಮೊದಲ ಗೊತ್ತಿತ್ತೇನ್ರಿ?" ಎಂದಳು. ಗೊತ್ತಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ಬಂದಿದ್ದವು. ಆದರೆ ಪ್ರಶ್ನೆಪತ್ರಿಕೆಯಲ್ಲಿ ಜೀಪು ನನ್ನದಾಗಿರಲಿಲ್ಲ.

ಗುಜರಿಯಿಂದ ದೊಡ್ಡ ಗಾಡಿಯೊಂದರ ಗಟ್ಟಿ ಆಕ್ಸಲ್ಲುಗಳು ಬಂದವು, ಹಿಂದೆ ಒಂದು ಮುಂದೆ ಒಂದು. ಈಗ ಸ್ಟೇರಿಂಗು ಮುನಿಸಿಕೊಂಡಿತು. ಅಷ್ಟು ದಪ್ಪ ಟಾಯರುಗಳನ್ನು ನಿಂತಲ್ಲೇ ಹೊರಳಿಸಬೇಕೆಂದರೆ ದಿನಕ್ಕೊಂದು ಬುಟ್ಟಿ ರೊಟ್ಟಿ ಬಡಿಯುವವರ ತೋಳು ಬೇಕು. ನನ್ನದು ಫೈಲು ಎತ್ತಿಡುವ ತೋಳು. ಗದಗಿನ ಮಾರುಕಟ್ಟೆಯಲ್ಲಿ ಗಾಡಿ ತಿರುಗಿಸಲು ನಾನು ಸೀಟಿನಿಂದೆದ್ದು ಸ್ಟೇರಿಂಗಿಗೆ ಜೋತುಬೀಳುತ್ತಿದ್ದರೆ, ಬದನೆಕಾಯಿ ಮಾರುವ ಮುದುಕಿ ವ್ಯಾಪಾರ ಬಿಟ್ಟು, "ಎಳಿ ತಮ್ಮಾ, ಇನ್ನೊಂದೀಟ ಎಳಿ" ಎಂದು ಹುರಿದುಂಬಿಸುತ್ತಿದ್ದಳು. ಮುಂಡರಗಿ ರಸ್ತೆಯಲ್ಲಿ ಸ್ವಲ್ಪ ವೇಗ ಏರಿದರೆ ಇನ್ನೊಂದು ಚಂದ: ಮುಂದಿನ ಗಾಲಿಗಳಿಗೆ ಮೈಮೇಲೆ ದೇವರು ಬಂದಂತಾಗಿ ಇಡೀ ಜೀಪು ಗಡಗಡ ನಡುಗುತ್ತಿತ್ತು. "ಇದು ಗಾಡಿನೋ, ಹಿಟ್ಟು ಹಿಡಿಯೂ ಸಾಣಿಗಿನೋ?" ಎಂದು ಶೋಭಾ ತನ್ನ ಚಷ್ಮಾ ಹಿಡಿದುಕೊಂಡಳು. ಮಾಬುಸಾಬ ಪವರ್ ಸ್ಟೇರಿಂಗು ಹಾಕಿ, ಗಾಲಿಗಳನ್ನು ಜೋಡಿಸುವ ಸಲಾಕೆಗಳನ್ನೂ ಬದಲಿಸಿದ. ದೇವರು ಇಳಿಯಿತು. ಈಗ ಒಂದೇ ಬೆರಳಿನಿಂದ ತಿರುವಬಹುದು. ತಿರುಗಲು ಮಾತ್ರ ರಾಶಿ ಮಾಡುವ ಕಣದಷ್ಟು ಜಾಗ ಬೇಕು, ಅಷ್ಟು ಅಗಲದ ಸುತ್ತು ಅದರದು.

ಗಾಡಿ ಓಣಿಗೆ ಬಂದಾಗ ಜನ ಮನೆಯಿಂದ ಹೊರಬಂದು ನೋಡಿದರು. ನನಗೆ ಘಟಿಕೋತ್ಸವದ ದಿನದ ನೆನಪಾಯಿತು. ಅವ್ವ ಮಾತ್ರ ಜೀಪಿನ ಮೆಟ್ಟಿಲಿನ ಹತ್ತಿರ ನಿಂತು ನೋಡಿದಳು. ಮೆಟ್ಟಿಲು ಆಕೆಯ ಸೊಂಟಕ್ಕೆ ಬರುತ್ತಿತ್ತು. "ಗಾಡಿ ಚಂದ ಐತೆಪಾ. ಇದರಾಗ ನೀವೆಲ್ಲಾ ಹೋಗ್ರಿ" ಎಂದಳು. ಶೋಭಾ ನನ್ನ ಮುಖ ನೋಡಿದಳು. ಟ್ರ್ಯಾಕ್ಟರಿನ ಟ್ರೇಲರಿಗಿಂತ ಎತ್ತರದ ಗಾಡಿಯನ್ನು, ಟ್ರೇಲರು ಹತ್ತಲಾರದ ಅವ್ವನಿಗೆಂದು, ತಿಂಗಳುಗಟ್ಟಲೆ ಕಷ್ಟಪಟ್ಟು ನಾನು ತಯಾರು ಮಾಡಿಸಿದ್ದೆ.

ಆದರೆ ಓದಿದ ತಲೆ ಸುಮ್ಮನೆ ಕೂರುತ್ತದೆಯೇ? ಹುಣ್ಣಿಮೆಯ ಬೆಳಿಗ್ಗೆ ಜೀಪನ್ನು ಹಿಂದಕ್ಕೆ ತಂದು ನಮ್ಮ ಮನೆಯ ಕಟ್ಟೆಗೆ ಅಂಟಿಸಿ ನಿಲ್ಲಿಸಿದೆ. ಕಟ್ಟೆಯೂ ಜೀಪಿನ ತಳವೂ ಸರಿಸಮ. ಅವ್ವ ಇಳಕಲ್ಲ ಸೀರೆಯ ನಿರಿಗೆ ಹಿಡಿದು, ಪಡಸಾಲೆಯಿಂದ ಅಡಿಗೆಮನೆಗೆ ಹೋದಷ್ಟೇ ಸಲೀಸಾಗಿ ಒಳಗೆ ನಡೆದು ಕುಳಿತಳು. "ಕಲಿತಾಂವ ಕಲಿತಾಂವನಾ ನೋಡ್ರಿ" ಎಂದು ಓಣಿಯವರಿಗೆ ಹೇಳಿದಳು. ಹಿಂದಿನ ದಿನ ಮಳೆಯಾಗಿತ್ತು. ಆದರೂ ಕೊರಕಲು, ದಿಬ್ಬ, ಕೆಸರು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಜೀಪು ಆನೆಯಂತೆ ನಡೆದು ಹೊಲದಲ್ಲಿ ನಿಂತಿತು. ನಾನು ಹಾರಿ ಇಳಿದೆ. ಶೋಭಾ ಅಡಿಗೆಯ ಬುಟ್ಟಿ ಇಳಿಸಿಕೊಂಡು ತಾನೂ ಜೋತುಬಿದ್ದು ಇಳಿದಳು.

ಮೇಲಿನಿಂದ ಅವ್ವ ಕೇಳಿದಳು: "ಹತ್ತಿಸಿದಿ ಖರೆ. ಇಳಿಸೂದು ಹೆಂಗೋ?"

ಹೊಲದಲ್ಲಿ ಕಟ್ಟೆ ಇರಲಿಲ್ಲ.

ಪಕ್ಕದ ಹೊಲದ ಫಕೀರಪ್ಪ ಕಾಕಾ ಚರಗ ಮುಗಿಸಿ ಟ್ರ್ಯಾಕ್ಟರಿನ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದ. ಇದನ್ನು ನೋಡಿದ್ದೇ ಅಲ್ಲಿಂದಲೇ ಅವ್ವನಿಗೆ ಕೂಗಿದ: "ವೈನಿ, ಅಲ್ಲೇ ನಿಂತು ಚೆಲ್ರಿ! ಎತ್ತರಿಂದ ಒಗದ್ರ ನಮ್ಮ ಹೊಲಕ್ಕೂ ಬೀಳತೈತಿ!" ನನಗೂ ಅದು ಯೋಗ್ಯ ಸಲಹೆಯೆನಿಸಿತು. "ಹೌದವ್ವಾ, ನಾ ಸಾವಕಾಶ ಗಾಡಿ ಹೊಡೀತೀನಿ, ನೀ ಚೆಲ್ಲು" ಎಂದೆ. ಅವ್ವ ನನ್ನನ್ನು ನೋಡಿದ ನೋಟಕ್ಕೆ ಪಡಸಾಲೆಯ ಫೋಟೋದ ಹೂ ಬಾಡಿರಬೇಕು. "ಬಸುರಿ ಹೆಣಮಗಳಿಗೆ ಬಯಕಿ ಊಟಕ್ಕ ಬಂದು, ಮಾಳಿಗಿ ಮ್ಯಾಲೆ ನಿಂತು ಕಡಬು ಒಗೀತಾರೇನೋ? ಮಣ್ಣಿಗೆ ಕಾಲ ಹಚ್ಚಬೇಕು ನಾ. ಇಲ್ಲಂದ್ರ ಹೊಳ್ಳಿ ಮನಿಗೆ ನಡಿ." ಅವಳ ದನಿ ಕೊನೆಗೆ ಸಣ್ಣದಾಯಿತು. ಎರಡು ವರ್ಷದ ಮೇಲೆ ಹೊಲಕ್ಕೆ ಬಂದವಳು ಮಣ್ಣು ಮುಟ್ಟದೆ ಹಿಂದಿರುಗುವುದೆಂದರೆ, ಬರದೇ ಇದ್ದದ್ದೇ ಚೆನ್ನಾಗಿತ್ತು.

ಆಗ ನನಗೆ ಒಡ್ಡು ಕಂಡಿತು. ಹೊಲದ ಅಂಚಿನಲ್ಲಿ ಮಣ್ಣೇರಿಸಿದ ಗಟ್ಟಿ ಒಡ್ಡು, ಅದಕ್ಕೆ ಹೊಂದಿಕೊಂಡು ಒಂದು ಆಳವಾದ ತಗ್ಗು. ಗಾಡಿಯನ್ನು ತಗ್ಗಿಗಿಳಿಸಿದರೆ ಒಡ್ಡೇ ಕಟ್ಟೆ! ಶೋಭಾ, "ಅಲ್ಲಿ ನೀರು ನಿಂತಾವ್ರಿ" ಎಂದಳು. "ಈ ಆಕ್ಸಲ್ಲು, ಈ ಟಾಯರು, ಈ ಸ್ಟೇರಿಂಗು ಮತ್ಯಾಕ ಹಾಕಸೀನಿ?" ಎಂದು ಹೇಳಿ ಇಳಿಸಿಯೇಬಿಟ್ಟೆ. ಜೀಪು ಒಂದು ಸಲ ನಿಟ್ಟುಸಿರು ಬಿಟ್ಟು ಕೆಳಗೆ ಕುಳಿತಿತು, ಆಮೇಲೆ ಇನ್ನೂ ಸ್ವಲ್ಪ ಕುಳಿತಿತು. ಅವ್ವ ಒಂದು ಹೆಜ್ಜೆ ಹೊರಗಿಟ್ಟಳು, ಒಡ್ಡಿನ ಮೇಲಿದ್ದಳು. ಶೋಭಾಳ ಭುಜ ಹಿಡಿದು, ಬರಿಗಾಲಲ್ಲಿ ಹಸಿ ಮಣ್ಣಿನೊಳಗೆ ನಡೆದಳು. ನಾನು ತಂಬಿಗೆಯಿಂದ ನೀರು ಹಾಕುತ್ತ ಹಿಂದೆ ಹೋದೆ. ಅವ್ವ ಕೈ ಬೀಸಿ ಚೆಲ್ಲಿದಾಗ ಚರಗ ಮೀನಿನ ಬಲೆಯಂತೆ ಬಿಚ್ಚಿಕೊಂಡು ಬೀಳುತ್ತಿತ್ತು. ಕೋಳಿಗೆ ಕಾಳು ಹಾಕಿದಂತೆ ಎಂದು ಆಕೆ ಅಂದದ್ದು ಏನೆಂದು ನನಗೆ ಆಗ ತಿಳಿಯಿತು.

ತಿರುಗಿ ಬಂದು ಗಾಡಿ ಶುರು ಮಾಡಿದೆ. ಅಂಟು ಮಣ್ಣು ಟಾಯರಿನ ಹಲ್ಲುಗಳ ಸಂದಿಯನ್ನೆಲ್ಲ ತುಂಬಿ, ನಾಲ್ಕೂ ಗಾಲಿಗಳು ಎಣ್ಣೆ ಹಚ್ಚಿದ ಉಂಡೆಗಳಾಗಿ ತಿರುಗಿದವು. ಎಷ್ಟು ಒತ್ತಿದೆನೋ ಅಷ್ಟು ಇಳಿಯಿತು. ಬಾನೆಟ್ಟು ಒಡ್ಡಿನ ಮಟ್ಟಕ್ಕೆ ಬಂದಾಗ ಬಂದ್ ಮಾಡಿದೆ. ಫಕೀರಪ್ಪ ಕಾಕಾ ಸರಪಳಿ ತರುತ್ತ, "ಏನಲೇ ಈರ್ಯಾ, ಎಷ್ಟು ಎತ್ತರ ಮಾಡಿಸಿದ್ದಿ? ಈಗ ನಮ್ಮ ಮಂಚದಷ್ಟ ಕಾಣತೈತಿ" ಎಂದ.

ಅವ್ವ ಬುಟ್ಟಿಯ ತಳದಲ್ಲಿ ಉಳಿದ ಚರಗವನ್ನು ಬಳಿದು ಒಡ್ಡಿನ ಮೇಲಿಂದ ಬಗ್ಗಿ ಬಾನೆಟ್ಟಿನ ಮೇಲೆ ಇಟ್ಟಳು. "ಇದೂ ಹೊಲದಾಗ ನಟ್ಟೈತಿ. ಇದಕ್ಕೂ ಒಂದು ತುತ್ತು ಇರಲಿ" ಎಂದಳು, ನಗದೆ. ಶೋಭಾ ಸೆರಗು ಬಾಯಿಗೆ ಹಿಡಿದಳು. ಕಾಕಾ ಸರಪಳಿ ಕೈಬಿಟ್ಟು ಕುಳಿತು ನಕ್ಕ: "ಮುಂದಿನ ಮುಂಗಾರಿಗೆ ಮರಿ ಜೀಪು ಏಳತಾವ ಬಿಡ್ರಿ ವೈನಿ!"

ನಾನು ವಿಜ್ಞಾನ ಓದಿದವನು. ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಕೆಸರಿನಲ್ಲಿ ನಿಂತು, ಯಾರಿಗೂ ಕಾಣದಂತೆ ಕೈಮುಗಿದು, ಏಳುವ ಮರಿಯಾದರೂ ಅವ್ವ ಹತ್ತುವಷ್ಟು ಗಿಡ್ಡಗಿರಲಿ ಎಂದು ಭೂಮಿತಾಯಿಯನ್ನು ಬೇಡಿಕೊಂಡೆ.