ಏಕಾದಶಿಯ ಮರುದಿನದ ಆಪರೇಷನ್

ನಮ್ಮ ಮನೆಯ ಸಂಗತಿಯನ್ನು ಹೊರಗಿನವರ ಬಾಯಿಂದ ಕೇಳುವುದು ನನಗೆ ಹೊಸದಲ್ಲ. ಈ ಪ್ರಸಂಗದ ಒಳಭಾಗವನ್ನು ನನಗೆ ಮೊದಲು ಹೇಳಿದವರು ಚಾಮರಾಜಪೇಟೆಯ ಒಂದು ನರ್ಸಿಂಗ್ ಹೋಮಿನ ಹಿರಿಯ ನರ್ಸಮ್ಮ. ಎಪ್ಪತ್ತರ ದಶಕದ ಕೊನೆ. ನನ್ನ ಹೆಂಡತಿಗೆ ಗರ್ಭಕೋಶದ ಆಪರೇಷನ್.

೧. ಒಳ್ಳೆಯ ದಿನ

ಡಾಕ್ಟರು ಗೊತ್ತುಮಾಡಿದ್ದು ಸೋಮವಾರ. ನಾನು ಪಂಚಾಂಗ ನೋಡಿ ಗುರುವಾರಕ್ಕೆ ಹಾಕಿಸಿದೆ. ದ್ವಾದಶಿ, ನಕ್ಷತ್ರವೂ ಕೂಡಿತ್ತು. ಹಿಂದಿನ ದಿನ ಏಕಾದಶಿ, ಅವಳು ತೊಟ್ಟು ನೀರೂ ಮುಟ್ಟುವವಳಲ್ಲ ಎಂಬುದು ಗೊತ್ತಿತ್ತು. ಅದೂ ಅನುಕೂಲವೇ ಎಂದುಕೊಂಡೆ. ರಾತ್ರಿ ಹತ್ತರ ಮೇಲೆ ನೀರು ಕೂಡ ಕೊಡಬಾರದೆಂದು ಡಾಕ್ಟರು ಹೇಳಿದಾಗ, "ಆ ಯೋಚನೆ ನಮಗೆ ಬಿಡಿ ಸ್ವಾಮಿ" ಎಂದೆ.

೨. ಶುಭವಾರ್ತೆ

ಗುರುವಾರ ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ನಾನು, ನನ್ನ ಭಾವಮೈದುನ. ನರ್ಸಮ್ಮ ಬಾಗಿಲು ತೆರೆದು, ಬಿ.ಪಿ. ತುಂಬಾ ಇಳಿದಿದೆ ಎಂದರು. ನಮ್ಮ ಬಳಗದಲ್ಲಿ ಬಿ.ಪಿ. ಏರಿದ್ದಷ್ಟೇ ಗೊತ್ತು. ಇಬ್ಬರೂ ದೇವರಿಗೆ ಕೈ ಮುಗಿದೆವು. "ನಂಗೆ ಎರಡು ವರ್ಷ ಮಾತ್ರೆ ನುಂಗಿದ್ರೂ ಇಳೀಲಿಲ್ಲ. ಅದ್ಯಾವ ಇಂಜೆಕ್ಷನ್ ಸಿಸ್ಟರ್?" ಎಂದ ಭಾವಮೈದುನ.

ನರ್ಸಮ್ಮ ನಮ್ಮನ್ನೇ ನೋಡಿದರು. "ಅವರು ಉಳೀಬೇಕು ಸ್ವಾಮಿ. ಕೊನೇಸಲ ಏನು ತಿಂದಿದ್ರು, ಯಾವಾಗ?"

"ಮಂಗಳವಾರ ರಾತ್ರಿ. ಎರಡು ಚಪಾತಿ" ಎಂದೆ.

ಅದನ್ನು ಕೇಳಿ ಒಳಗೆ ಅರಿವಳಿಕೆ ಡಾಕ್ಟರು, "ಹಪ್ಪಳದ ಹಾಗೆ ಒಣಗಿಸಿ ಕಳಿಸಿದಾರಲ್ಲ" ಎಂದರಂತೆ. ಅವಳ ಕಾಲು ಮೇಲೆತ್ತಿಸಿ, ಎರಡು ಕೈಗೂ ಸಲೈನ್ ಹಚ್ಚಿಸಿದರಂತೆ.

೩. ಅಡಿಗೆ

ಅರ್ಧ ಗಂಟೆಯ ಮೇಲೆ ನರ್ಸಮ್ಮ ಮತ್ತೆ ಬಂದು, ಸ್ವಲ್ಪ ಏರುತ್ತಿದೆ ಎಂದರು. ಈ ಸಲ ಕೈ ಮುಗಿಯಲು ನಾಚಿಕೆಯಾಯಿತು. ನಿಮ್ಮದೂ ಉಪವಾಸವೇ ಎಂದು ಕೇಳಿದರು. ಬೆಳಿಗ್ಗೆಯೇ ಪಾರಣೆಯ ಊಟ ಮುಗಿಸಿ ಬಂದೆ ಎಂದೆ.

"ಅಡಿಗೆ ಯಾರು ಮಾಡಿದ್ದು?"

ನಾಲ್ಕು ಗಂಟೆಗೆ ಎದ್ದು ಅವಳೇ ಮಾಡಿದ್ದಳು, ಅಗಸೆ ಸೊಪ್ಪಿನ ಪಲ್ಯ ಸಮೇತ. ನಾನು ಗೋಡೆಯ ಗಡಿಯಾರ ನೋಡಿದೆ.

೪. ಪಾರಣೆ

ಸಂಜೆಗೆ ಅವಳಿಗೆ ಎಚ್ಚರವಾಯಿತು. ಮೊದಲ ಮಾತೇ, "ಪಾರಣೆ ಹೊತ್ತು ಮೀರೋಯ್ತಾ?"

ನಾಡಿ ಹಿಡಿದಿದ್ದ ಅರಿವಳಿಕೆ ಡಾಕ್ಟರು ಹೇಳಿದರು, "ಇಲ್ಲಮ್ಮ. ಹೊತ್ತಿಗೆ ಸರಿಯಾಗಿ ನಾನೇ ಮಾಡಿಸ್ದೆ. ಮೂರು ಬಾಟ್ಲಿ."

ಅವಳಿಗೆ ಸಮಾಧಾನವಾಯಿತು. ಮೆಲ್ಲಗೆ ನನ್ನ ಕಡೆ ತಿರುಗಿ ಕೇಳಿದಳು: "ನೀವು ಮಧ್ಯಾಹ್ನ ಏನು ತಿಂದ್ರಿ?"

ವಾರ್ಡಿಗೆ ವಾರ್ಡೇ ನಕ್ಕಿತು. ಓದಿದವರು ನೀವೂ ನಗಿ. ನಕ್ಕ ಮೇಲೆ ಇದನ್ನು ಇನ್ನೊಂದು ಮನೆಗೆ ಮುಟ್ಟಿಸಿ. ಅಲ್ಲಿ ಪಂಚಾಂಗ ಹಿಡಿದು ಕೂತ ಗಂಡಸಿಗೇ ಹೇಳಿ.